ಹಳಿಯಿಲ್ಲದ ಜಿಲ್ಲೆಯವರಿಗೆ ಟ್ರಾಂ: ಕೋಲ್ಕತ್ತದ ಹಳೆಯ ಬಂಡಿಗಳು ಹೇಗೆ ಓಡುತ್ತವೆ, ಏಕೆ ನಿಲ್ಲುತ್ತಿವೆ

ಕೊಡಗಿನಲ್ಲಿ ರೈಲು ನಿಲ್ದಾಣವಿಲ್ಲ. ರೈಲು ಹತ್ತಬೇಕಾದವರು ಮೈಸೂರಿಗೋ ಹಾಸನಕ್ಕೋ ಮಂಗಳೂರಿಗೋ ಹೋಗುತ್ತಾರೆ, ವಿರಾಜಪೇಟೆ ಕಡೆಯವರಾದರೆ ಮಾಕುಟ್ಟ ಘಾಟಿ ಇಳಿದು ತಲಶ್ಶೇರಿಗೂ ಹೋಗುವುದುಂಟು. ಮೈಸೂರು–ಕುಶಾಲನಗರ ರೈಲು ಮಾರ್ಗದ ಪ್ರಸ್ತಾವ ಚುನಾವಣೆ ಬಂದಾಗಲೆಲ್ಲ ಎದ್ದು ಕೂರುತ್ತದೆ, ಮುಗಿದ ಮೇಲೆ ಮಲಗುತ್ತದೆ. ಇಂತಹ ಜಿಲ್ಲೆಯ ಓದುಗರಿಗೆ ಟ್ರಾಂ ಕುರಿತು ಬರೆಯುವಾಗ ಅದು ಏನೆಂಬುದರಿಂದಲೇ ಆರಂಭಿಸಬೇಕಾಗುತ್ತದೆ. ಆದರೂ ಕೋಲ್ಕತ್ತದ ಟ್ರಾಂ ನಮಗೆ ತೀರಾ ಅಪರಿಚಿತವೇನಲ್ಲ. ಸೇನೆಯ ಪೂರ್ವ ಕಮಾಂಡಿನ ಕೇಂದ್ರ ಕಚೇರಿ ಇರುವುದು ಈಗ ವಿಜಯ ದುರ್ಗ ಎಂದು ಕರೆಯಲಾಗುವ ಅಲ್ಲಿನ ಫೋರ್ಟ್ ವಿಲಿಯಂ ಕೋಟೆಯಲ್ಲಿ. ಅಲ್ಲಿ ಕೆಲಸ ಮಾಡಿ ಬಂದ ನಮ್ಮ ಕಡೆಯ ನಿವೃತ್ತ ಸೈನಿಕರಿಗೆ ಕೋಟೆಯ ಸುತ್ತಲಿನ ಮೈದಾನವನ್ನು ಹಾದು ಖಿದಿರ್‌ಪುರದ ಕಡೆಗೆ ಸಾಗುತ್ತಿದ್ದ ಟ್ರಾಂ ನೆನಪಿರಲೇಬೇಕು. ಕಾಫಿಯ ನಂಟೂ ಇದೆ. ಕಾಲೇಜ್ ಸ್ಟ್ರೀಟಿನ ಪ್ರಸಿದ್ಧ ಕಾಫಿ ಹೌಸನ್ನು 1942ರಲ್ಲಿ ಆಲ್ಬರ್ಟ್ ಹಾಲಿನಲ್ಲಿ ಆರಂಭಿಸಿದ್ದು ಕಾಫಿ ಮಂಡಳಿ. ದೇಶದ ಕಾಫಿಯಲ್ಲಿ ಸುಮಾರು ಮೂರನೆಯ ಒಂದು ಭಾಗವನ್ನು ಬೆಳೆಯುವ ಜಿಲ್ಲೆಯ ಬೀಜ ಆ ಬಟ್ಟಲುಗಳಿಗೂ ಹೋಗಿರಬೇಕು. ಆ ಬೀದಿಯಲ್ಲಿ ಹಳಿಗಳ ಮೇಲೆ ಸಾಗುವುದು ಶ್ಯಾಮ್‌ಬಜಾರ್ ಮತ್ತು ಎಸ್ಪ್ಲನೇಡ್ ನಡುವಿನ ಐದನೆಯ ಸಂಖ್ಯೆಯ ಟ್ರಾಂ.

ಟ್ರಾಂ ಎಂದರೆ ಸಣ್ಣ ರೈಲು ಎಂದು ಹೇಳುವುದು ರೂಢಿ. ಅದು ಅರ್ಧ ಸತ್ಯ. ರೈಲಿಗೆ ತನ್ನದೇ ಆದ ದಾರಿ ಇದೆ. ಜನರಾಗಲಿ ವಾಹನಗಳಾಗಲಿ ಅದನ್ನು ದಾಟಬೇಕಾದರೆ ಗೇಟು ಹಾಕಿಸಿಕೊಂಡು ಕಾಯಬೇಕು. ಟ್ರಾಂ ಹಾಗಲ್ಲ, ಅದು ಬೀದಿಯಲ್ಲಿ, ಬೀದಿಯ ಎಲ್ಲರ ಜೊತೆ ಓಡುತ್ತದೆ. ಅದರ ಹಳಿ ನೆಲದಿಂದ ಎದ್ದು ನಿಲ್ಲುವುದಿಲ್ಲ. ತಲೆಯ ಮೇಲೆ ಉದ್ದಕ್ಕೂ ಕಿರಿದಾದ ಕಾಲುವೆ ತೋಡಿದ ಉಕ್ಕಿನ ಪಟ್ಟಿಯೊಂದನ್ನು ರಸ್ತೆಯ ಮಟ್ಟಕ್ಕೆ ಸರಿಯಾಗಿ ಹೂತಿರುತ್ತಾರೆ, ಚಕ್ರದ ಅಂಚು ಆ ಕಾಲುವೆಯಲ್ಲಿ ಇಳಿದು ಸಾಗುತ್ತದೆ, ಅದರ ಮೇಲೆಯೇ ಸೈಕಲ್ಲು, ಕೈಗಾಡಿ, ಬಸ್ಸು, ಕಾರು ಎಲ್ಲವೂ ಹಾಯುತ್ತವೆ. ಟ್ರಾಂನ ಸೊಗಸೂ ಸಂಕಟವೂ ಈ ಒಂದು ಗುಣದಿಂದ ಹುಟ್ಟಿದವು. ಬೀದಿಯ ವಾಹನವಾದ್ದರಿಂದ ಅದು ಮನೆಬಾಗಿಲಿಗೆ ಹತ್ತಿರ ಬರುತ್ತದೆ. ಹಳಿಯ ವಾಹನವಾದ್ದರಿಂದ ಎದುರಿಗೆ ಒಂದು ಲಾರಿ ಅಡ್ಡ ನಿಂತರೆ ಪಕ್ಕಕ್ಕೆ ಸರಿದು ಹೋಗಲಾರದು.

ಕೋಲ್ಕತ್ತದ ಟ್ರಾಂಗಳು ಮುದಿಯಾದವು, ಆದ್ದರಿಂದ ಸಾಯುತ್ತಿವೆ ಎಂಬ ಮಾತನ್ನು ಪತ್ರಿಕೆಗಳಲ್ಲಿ ಪದೇ ಪದೇ ಓದುತ್ತೇವೆ. ಈ ಮಾತು ಸರಿಯಲ್ಲ ಎಂಬುದು ನನ್ನ ತಿಳಿವಳಿಕೆ. ಟ್ರಾಂ ಬಂಡಿ ವಯಸ್ಸಿನಿಂದ ಸಾಯುವ ಯಂತ್ರವಲ್ಲ. ಅದಕ್ಕೆ ರಸ್ತೆಯಲ್ಲಿದ್ದ ಜಾಗ ಹೋದಾಗ ಸಾಯುತ್ತದೆ. ಇದನ್ನು ಒಪ್ಪಬೇಕಾದರೆ ಮೊದಲು ಬಂಡಿಯ ನೆಲಹಲಗೆಯ ಕೆಳಗೆ ಏನಿದೆ ಎಂದು ನೋಡಬೇಕು.

ಬೀದಿಯ ಮೇಲೆ, ಬಂಡಿಯ ಚಾವಣಿಗಿಂತ ಎತ್ತರದಲ್ಲಿ, ಒಂದೇ ಒಂದು ತಾಮ್ರದ ತಂತಿ ಎಳೆದಿರುತ್ತಾರೆ. ಕೋಲ್ಕತ್ತದಲ್ಲಿ ಅದರಲ್ಲಿರುವುದು 550 ವೋಲ್ಟಿನ ನೇರ ವಿದ್ಯುತ್ತು, ಅಂದರೆ ನಮ್ಮ ಮನೆಗಳಲ್ಲಿರುವಂತೆ ಕ್ಷಣಕ್ಷಣಕ್ಕೂ ದಿಕ್ಕು ಬದಲಿಸುವ ಬಗೆಯದಲ್ಲ, ಒಂದೇ ದಿಕ್ಕಿಗೆ ಹರಿಯುವ ಬಗೆಯದು. ಚಾವಣಿಯ ಮೇಲಿನಿಂದ ಹಿಂದಕ್ಕೆ ವಾಲಿದ ಉದ್ದನೆಯ ಕೋಲೊಂದು ಸ್ಪ್ರಿಂಗಿನ ಬಲದಿಂದ ಆ ತಂತಿಯನ್ನು ಕೆಳಗಿನಿಂದ ಒತ್ತಿ ಹಿಡಿದು ವಿದ್ಯುತ್ತನ್ನು ಇಳಿಸಿಕೊಳ್ಳುತ್ತದೆ. ಅದು ಚಾಲಕನ ಮುಂದಿರುವ ನಿಯಂತ್ರಕದ ಮೂಲಕ ಹಾದು, ಚಕ್ರಗಳ ಅಚ್ಚಿನ ಬಳಿ ಕೂರಿಸಿದ ಮೋಟಾರುಗಳನ್ನು ತಿರುಗಿಸಿ, ಚಕ್ರಗಳ ಮುಖಾಂತರ ಹಳಿಗೆ ಇಳಿದು, ಹಳಿಯ ಉದ್ದಕ್ಕೂ ಸಾಗಿ ಉಪಕೇಂದ್ರಕ್ಕೆ ಮರಳುತ್ತದೆ. ವಿದ್ಯುತ್ತಿಗೆ ಹೋಗುವ ದಾರಿ ಒಂದು, ಬರುವ ದಾರಿ ಒಂದು ಬೇಕಲ್ಲವೇ. ಟ್ರಾಂನಲ್ಲಿ ತಂತಿ ಹೋಗುವ ದಾರಿ, ಹಳಿ ಬರುವ ದಾರಿ. ಹಳಿ ನೆಲಕ್ಕೆ ಹೊಂದಿಕೊಂಡಿರುವುದರಿಂದ ಅದರ ಮತ್ತು ಭೂಮಿಯ ನಡುವೆ ಹೆಚ್ಚಿನ ವೋಲ್ಟೇಜ್ ವ್ಯತ್ಯಾಸ ಉಳಿಯುವುದಿಲ್ಲ, ಆದ್ದರಿಂದಲೇ ಅದರ ಮೇಲೆ ಬರಿಗಾಲಿನಲ್ಲಿ ನಡೆದು ಹೋಗುವವರಿಗೆ ಏನೂ ಆಗುವುದಿಲ್ಲ.

ನಿಯಂತ್ರಕವೆಂದರೆ ಚಾಲಕನ ಎದೆಮಟ್ಟಕ್ಕೆ ಬರುವ ಲೋಹದ ಪೆಟ್ಟಿಗೆ. ಅದರ ತಲೆಯ ಮೇಲೆ ಹಿತ್ತಾಳೆಯ ಹಿಡಿಕೆ. ಅದನ್ನು ಒಂದೊಂದೇ ಕಚ್ಚಿಗೆ ತಿರುಗಿಸುತ್ತ ಹೋಗಬೇಕು. ನಿಂತಿರುವ ಮೋಟಾರಿಗೆ 550 ವೋಲ್ಟನ್ನು ಒಮ್ಮೆಗೇ ಕೊಟ್ಟರೆ ಮಿತಿಮೀರಿದ ವಿದ್ಯುತ್ತು ನುಗ್ಗಿ ಸುರುಳಿಗಳು ಸುಟ್ಟುಹೋಗುತ್ತವೆ, ಸುಡದಿದ್ದರೂ ಪ್ರಯಾಣಿಕರೆಲ್ಲ ಮುಗ್ಗರಿಸುವಂತೆ ಬಂಡಿ ನೆಗೆಯುತ್ತದೆ. ಫೆಬ್ರವರಿ, ಮಾರ್ಚಿನಲ್ಲಿ ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಹಾಕುವವರು ಪಂಪು ಚಾಲೂ ಮಾಡಿ ಗೇಟ್‌ವಾಲ್ವನ್ನು ಒಮ್ಮೆಗೇ ಬಿಡದೆ ಸುತ್ತು ಸುತ್ತಾಗಿ ತೆರೆಯುತ್ತಾರಲ್ಲ, ಹಿಡಿಕೆಯ ಮೊದಲ ಕಚ್ಚುಗಳ ಕೆಲಸವೂ ಅದೇ. ಆರಂಭದಲ್ಲಿ ವಿದ್ಯುತ್ತಿನ ದಾರಿಗೆ ತಡೆಸುರುಳಿಗಳು ಅಡ್ಡ ಇರುತ್ತವೆ. ಕಚ್ಚು ಕಚ್ಚಾಗಿ ಅವುಗಳನ್ನು ಒಂದೊಂದಾಗಿ ದಾರಿಯಿಂದ ತೆಗೆಯಲಾಗುತ್ತದೆ. ಇದರ ಜೊತೆಗೆ ಇನ್ನೊಂದು ಉಪಾಯವಿದೆ. ಮೊದಲ ಹಂತದಲ್ಲಿ ಎರಡು ಮೋಟಾರುಗಳನ್ನು ಒಂದರ ಹಿಂದೆ ಒಂದರಂತೆ ಜೋಡಿಸಿ ಪ್ರತಿಯೊಂದಕ್ಕೂ ಅರ್ಧ ವೋಲ್ಟೇಜು ಮಾತ್ರ ಸಿಗುವಂತೆ ಮಾಡುತ್ತಾರೆ. ಬಂಡಿ ವೇಗ ಪಡೆದ ಮೇಲೆ ಅದೇ ಹಿಡಿಕೆಯ ಮುಂದಿನ ಕಚ್ಚು ಅವೆರಡನ್ನೂ ಅಕ್ಕಪಕ್ಕದ ಜೋಡಣೆಗೆ ಬದಲಿಸಿ ಪ್ರತಿಯೊಂದಕ್ಕೂ ಪೂರ್ಣ ವೋಲ್ಟೇಜು ಕೊಡುತ್ತದೆ. ಗೇರುಪೆಟ್ಟಿಗೆ ಇಲ್ಲ, ಕ್ಲಚ್ಚು ಇಲ್ಲ, ಡೀಸೆಲ್ ಪಂಪು ಇಲ್ಲ, ರೇಡಿಯೇಟರ್ ಇಲ್ಲ.

ಈ ಮೋಟಾರಿನ ಸ್ವಭಾವವೇ ಅದರ ದೊಡ್ಡ ಗುಣ. ನಿಧಾನವಾಗಿ ತಿರುಗುವಾಗ ಅದು ಅತಿ ಹೆಚ್ಚಿನ ಎಳೆತವನ್ನು ಕೊಡುತ್ತದೆ, ವೇಗ ಏರಿದಂತೆ ಎಳೆತ ತಾನಾಗಿ ಇಳಿಯುತ್ತದೆ. ಇನ್ನೂರು, ಮುನ್ನೂರು ಮೀಟರಿಗೆ ಒಮ್ಮೆ ನಿಂತು ಹೊರಡುವ ವಾಹನಕ್ಕೆ ಇದಕ್ಕಿಂತ ತಕ್ಕ ಮೋಟಾರು ಅಂದಿನ ಕಾಲಕ್ಕೆ ಬೇರೆ ಇರಲಿಲ್ಲ. ಡೀಸೆಲ್ ಎಂಜಿನ್ನು ಇದಕ್ಕೆ ವಿರುದ್ಧ. ಅದು ಒಂದು ಮಟ್ಟದ ವೇಗಕ್ಕೆ ಬಂದ ಮೇಲೆಯೇ ಶಕ್ತಿ ತೋರಿಸುತ್ತದೆ, ಅದಕ್ಕಾಗಿಯೇ ಸಂಪಾಜೆ ಘಾಟಿಯ ತಿರುವುಗಳಲ್ಲಿ ನಮ್ಮ ಬಸ್ಸುಗಳ ಚಾಲಕರು ಕೈಯನ್ನು ಗೇರಿನಿಂದ ತೆಗೆಯುವಂತಿಲ್ಲ.

ಸವೆಯುವ ಭಾಗಗಳು ಕಡಿಮೆ, ಸವೆದದ್ದನ್ನು ಬದಲಿಸುವುದು ಸುಲಭ. ಮೋಟಾರಿನ ಇಂಗಾಲದ ಬ್ರಷ್ಷುಗಳು ಸವೆಯುತ್ತವೆ, ಹೊಸತನ್ನು ಹಾಕುತ್ತಾರೆ. ಸುರುಳಿ ಸುಟ್ಟರೆ ಮತ್ತೆ ಸುತ್ತುತ್ತಾರೆ. ಚಕ್ರದ ಹೊರ ಅಂಚು ಏರುಪೇರಾದರೆ ಲೇತಿಗೆ ಹಾಕಿ ಸಮ ಮಾಡುತ್ತಾರೆ, ಮತ್ತೆ ಮತ್ತೆ ಮಾಡಿ ತೆಳುವಾದ ಮೇಲೆ ಉಕ್ಕಿನ ಹೊಸ ಪಟ್ಟಿ ತೊಡಿಸುತ್ತಾರೆ. ಕೋಲ್ಕತ್ತದಲ್ಲಿ ಈ ಕೆಲಸಗಳೆಲ್ಲ ನಡೆಯುತ್ತ ಬಂದದ್ದು ನೊನಾಪುಕುರ್ ಕಾರ್ಯಾಗಾರದಲ್ಲಿ. ಅಲ್ಲಿ ಬಂಡಿಯ ಮೈಯನ್ನೇ ಹೊಸದಾಗಿ ಕಟ್ಟಿ ಹಳೆಯ ಅಡಿಗಾಡಿಯ ಮೇಲೆ ಕೂರಿಸಿದ್ದೂ ಉಂಟು. ಹೀಗಾಗಿ ಒಂದು ಟ್ರಾಂನ ವಯಸ್ಸು ಎಷ್ಟು ಎಂದು ಕೇಳಿದರೆ ಯಾವ ಭಾಗದ ವಯಸ್ಸು ಎಂದು ಮರುಪ್ರಶ್ನೆ ಹಾಕಬೇಕಾಗುತ್ತದೆ. ಇದು ಕೋಲ್ಕತ್ತದ ಬಡತನದ ಕಥೆ ಎಂದು ಯಾರಾದರೂ ಭಾವಿಸಿದರೆ ಅವರು ಇಟಲಿಯ ಮಿಲಾನಿನ ಕಡೆ ನೋಡಬೇಕು. ಆ ಶ್ರೀಮಂತ ನಗರದಲ್ಲಿ 1928ರ ಮಾದರಿಯ ಟ್ರಾಂಗಳು ಮರದ ಆಸನಗಳ ಸಮೇತ ದಿನನಿತ್ಯದ ಮಾರ್ಗಗಳಲ್ಲಿ ಇಂದಿಗೂ ಜನರನ್ನು ಸಾಗಿಸುತ್ತಿವೆ, ಪಕ್ಕದ ಹಳಿಯಲ್ಲಿ ಹೊಚ್ಚ ಹೊಸ ಟ್ರಾಂ ಬಂದರೂ ಅವು ನಾಚಿಕೊಳ್ಳುವುದಿಲ್ಲ.

ಕೋಲ್ಕತ್ತದ ಇತಿಹಾಸವನ್ನು ಚಿಕ್ಕದಾಗಿ ಹೇಳಿಬಿಡಬಹುದು. 1873ರ ಫೆಬ್ರವರಿ 24ರಂದು ಸಿಯಾಲ್ದಾದಿಂದ ಆರ್ಮೇನಿಯನ್ ಘಾಟಿನವರೆಗೆ ಸುಮಾರು ನಾಲ್ಕು ಕಿಲೋಮೀಟರ್ ಕುದುರೆ ಎಳೆಯುವ ಟ್ರಾಂ ಓಡಿತು, ಜನ ಹತ್ತಲಿಲ್ಲವೆಂದು ಅದೇ ವರ್ಷದ ನವೆಂಬರಿನಲ್ಲಿ ನಿಂತಿತು. 1880ರಲ್ಲಿ ಲಂಡನ್ನಿನಲ್ಲಿ ನೋಂದಾಯಿತವಾದ ಕಂಪನಿಯೊಂದು ಮತ್ತೆ ಆರಂಭಿಸಿತು. ಆ ಶತಮಾನದ ಕೊನೆಯ ಹೊತ್ತಿಗೆ ಅದರ ಲಾಯಗಳಲ್ಲಿ ಸುಮಾರು 1,000 ಕುದುರೆಗಳಿದ್ದವು, ಕೆಲವು ಉಗಿಯಂತ್ರಗಳೂ ಇದ್ದವು. 1902ರ ಮಾರ್ಚ್ 27ರಂದು ಎಸ್ಪ್ಲನೇಡಿನಿಂದ ಖಿದಿರ್‌ಪುರಕ್ಕೆ ಮೊದಲ ವಿದ್ಯುತ್ ಟ್ರಾಂ ಹೊರಟಿತು. ನಮ್ಮ ಮಗ್ಗುಲಿನ ಮದ್ರಾಸು ಅದಕ್ಕಿಂತ ಮುಂಚೆಯೇ, 1895ರಲ್ಲಿ, ವಿದ್ಯುತ್ ಟ್ರಾಂ ಓಡಿಸಿತ್ತು. ಮುಂಬಯಿ, ದೆಹಲಿ, ಕಾನ್ಪುರಗಳಲ್ಲೂ ಟ್ರಾಂ ಇತ್ತು. ಕಾನ್ಪುರದ್ದು 1933ರಲ್ಲಿ, ಮದ್ರಾಸಿನದು 1953ರಲ್ಲಿ, ದೆಹಲಿಯದು 1963ರಲ್ಲಿ, ಮುಂಬಯಿಯದು 1964ರಲ್ಲಿ ನಿಂತವು. ಅಂದಿನಿಂದ ದೇಶದಲ್ಲಿ ಉಳಿದುಕೊಂಡ ಏಕೈಕ ನಗರ ಟ್ರಾಂ ಕೋಲ್ಕತ್ತದ್ದು. ಆಡಳಿತವನ್ನು ರಾಜ್ಯ ಸರ್ಕಾರ 1967ರಲ್ಲಿ ವಹಿಸಿಕೊಂಡಿತು, 1976ರಲ್ಲಿ ಕಂಪನಿಯನ್ನು ರಾಷ್ಟ್ರೀಕರಣ ಮಾಡಿತು.

ಈ ವರ್ಷಗಳ ಪಟ್ಟಿಗಿಂತ ನನಗೆ ಹೆಚ್ಚು ಮುಖ್ಯವಾಗಿ ಕಾಣುವುದು ಟ್ರಾಂನ ದಿನಚರಿ. ಚಾಲಕನ ಕಾಲಿನ ಬಳಿ ನೆಲದಲ್ಲಿ ಒಂದು ಗುಂಡಿ ಇದೆ. ಅದನ್ನು ಹಿಮ್ಮಡಿಯಿಂದ ಕುಟ್ಟಿದರೆ ಬಂಡಿಯ ಅಡಿಯಲ್ಲಿರುವ ಗಂಟೆ ಟಣ್ ಟಣ್ ಎನ್ನುತ್ತದೆ. ಹಾರ್ನಿನಂತೆ ಅದು ಕಿವಿಗೆ ಇರಿಯುವುದಿಲ್ಲ, ಅದಕ್ಕಾಗಿಯೇ ಅವಸರದ ಸ್ಕೂಟರಿನವರು ಅದನ್ನು ಕೇಳಿಸಿಕೊಳ್ಳುವುದೂ ಇಲ್ಲ. ಕಂಡಕ್ಟರ್ ಚಾವಣಿಯ ಉದ್ದಕ್ಕೂ ಹಾದುಹೋದ ಹಗ್ಗವನ್ನು ಎಳೆದು ಚಾಲಕನಿಗೆ ನಿಲ್ಲುವ, ಹೊರಡುವ ಸೂಚನೆ ಕೊಡುತ್ತಾನೆ. ನಮ್ಮ ಬಸ್ಸುಗಳಲ್ಲಿ ಸೀಟಿ ಮಾಡುವ ಕೆಲಸವನ್ನು ಅಲ್ಲಿ ಹಗ್ಗ ಮಾಡುತ್ತದೆ. ತಿರುವುಗಳಲ್ಲಿ ಕೆಲವೊಮ್ಮೆ ಚಾವಣಿಯ ಕೋಲು ತಂತಿಯಿಂದ ಜಾರುತ್ತದೆ, ಬಂಡಿಯೊಳಗಿನ ದೀಪ, ಫ್ಯಾನು ಎಲ್ಲವೂ ನಿಂತುಹೋಗುತ್ತವೆ. ಆಗ ಕಂಡಕ್ಟರ್ ಇಳಿದು ಹಿಂಬದಿಯಲ್ಲಿ ಇಳಿಬಿದ್ದ ಹಗ್ಗ ಹಿಡಿದು, ತಲೆಯೆತ್ತಿ ನೋಡುತ್ತ ಕೋಲಿನ ತುದಿಯನ್ನು ಮತ್ತೆ ತಂತಿಗೆ ಕೂರಿಸಬೇಕು. ಮಳೆಯಲ್ಲಿ ಈ ಕೆಲಸ ಎಷ್ಟು ಕಷ್ಟವೆಂದು ಕೊಡಗಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹಳಿ ಕವಲೊಡೆಯುವ ಕೂಡುರಸ್ತೆಗಳಲ್ಲಿ ಒಬ್ಬ ನೌಕರ ಕಬ್ಬಿಣದ ಸಲಾಕೆ ಹಿಡಿದು ನಿಂತಿರುತ್ತಾನೆ. ಬರುವ ಟ್ರಾಂನ ಸಂಖ್ಯೆ ನೋಡಿ, ಹಳಿಯ ನಾಲಿಗೆಯನ್ನು ಸಲಾಕೆಯಿಂದ ಮೀಟಿ ಅದನ್ನು ಎಡಕ್ಕೋ ಬಲಕ್ಕೋ ಕಳುಹಿಸುತ್ತಾನೆ.

ದಶಕಗಳ ಕಾಲ ಎರಡು ಬೋಗಿಗಳ ಟ್ರಾಂನಲ್ಲಿ ಎರಡು ದರ್ಜೆಗಳಿದ್ದವು. ಮುಂದಿನ ಬೋಗಿ ಮೊದಲ ದರ್ಜೆ, ಅಲ್ಲಿ ಫ್ಯಾನು. ಹಿಂದಿನದು ಎರಡನೆಯ ದರ್ಜೆ. ಅಲ್ಲಿ ಫ್ಯಾನಿಲ್ಲ, ದರ ತುಸು ಕಡಿಮೆ. ತರಕಾರಿ ಬುಟ್ಟಿ, ಕೂಲಿಯವರ ಸಾಮಾನಿನ ಗಂಟು, ಕಾಲೇಜ್ ಸ್ಟ್ರೀಟಿನ ಮುದ್ರಣಾಲಯಗಳಿಗೆ ಹೋಗುವ ಕಾಗದದ ಕಟ್ಟು ಇವೆಲ್ಲ ಬರುತ್ತಿದ್ದುದು ಆ ಹಿಂದಿನ ಬೋಗಿಯಲ್ಲಿ. ಅದು ಬಡವರ ವಾಹನವೆಂಬುದಕ್ಕೆ 1953ರ ಜುಲೈ ಸಾಕ್ಷಿ. ಬ್ರಿಟಿಷ್ ಕಂಪನಿ ಎರಡನೆಯ ದರ್ಜೆಯ ದರವನ್ನು ಒಂದು ಪೈಸೆ ಏರಿಸಿದ್ದಕ್ಕೆ ಇಡೀ ನಗರ ಬೀದಿಗಿಳಿಯಿತು, ಹೊಸ ದರ ಕೊಡಲು ಜನ ನಿರಾಕರಿಸಿದರು, ಟ್ರಾಂಗಳಿಗೆ ಬೆಂಕಿ ಬಿತ್ತು, ಕೊನೆಗೆ ಏರಿಕೆಯನ್ನು ತಡೆಹಿಡಿಯಬೇಕಾಯಿತು. ಒಂದು ಪೈಸೆ ಎಂದರೆ ಇಂದಿನವರಿಗೆ ನಗೆ ಬರಬಹುದು. ದಿನಕ್ಕೆ ಎರಡು ಬಾರಿ ಕೊಡಬೇಕಾದವನಿಗೆ ಅದು ತಿಂಗಳ ಲೆಕ್ಕದ ಪ್ರಶ್ನೆ. ತೀರಾ ಇತ್ತೀಚಿನವರೆಗೂ ಸಾಮಾನ್ಯ ಟ್ರಾಂನ ಟಿಕೆಟ್ ದರ ಹತ್ತು ರೂಪಾಯಿಯನ್ನು ದಾಟದೆ ಉಳಿದದ್ದಕ್ಕೆ ಆ ನೆನಪೂ ಒಂದು ಕಾರಣವಿರಬಹುದು.

ಇಲ್ಲಿ ನಮ್ಮ ಓದುಗರು ಕೇಳಬಹುದಾದ ಒಂದು ಪ್ರಶ್ನೆಯನ್ನು ತೆಗೆದುಕೊಳ್ಳಬೇಕು: ಇಷ್ಟು ಒಳ್ಳೆಯ ವಾಹನ ಬೆಟ್ಟದ ಊರಿಗೆ ಏಕೆ ಬರಲಿಲ್ಲ? ಉಕ್ಕಿನ ಚಕ್ರ ಉಕ್ಕಿನ ಹಳಿಯ ಮೇಲೆ ಉರುಳುವಾಗ ತಡೆ ಬಹಳ ಕಡಿಮೆ. ರಬ್ಬರ್ ಟೈರು ಡಾಂಬರಿನ ಮೇಲೆ ಉರುಳುವಾಗ ವ್ಯಯವಾಗುವ ಶಕ್ತಿ ಇದರ ಹಲವು ಪಟ್ಟು. ಸಮತಟ್ಟಾದ ಕೋಲ್ಕತ್ತದಲ್ಲಿ ಇದು ವರ. ಏರಿನಲ್ಲಿ ಅದೇ ನುಣುಪು ಶಾಪವಾಗುತ್ತದೆ, ಏಕೆಂದರೆ ಉರುಳಲು ತಡೆಯಿಲ್ಲದ ಚಕ್ರಕ್ಕೆ ಹಳಿಯನ್ನು ಕಚ್ಚಿ ಮೇಲೇರಲು ಹಿಡಿತವೂ ಕಡಿಮೆ. ಒಣ ಹಳಿಯಲ್ಲಿ ಸಿಗುವ ಹಿಡಿತ ಮಳೆಯಲ್ಲಿ, ಅದರಲ್ಲೂ ಬಿದ್ದ ಎಲೆಗಳು ಚಕ್ರದಡಿ ಅರೆದು ಲೋಳೆಯಾದಾಗ, ಅರ್ಧಕ್ಕಿಂತಲೂ ಕೆಳಗಿಳಿಯುತ್ತದೆ. ಅದಕ್ಕಾಗಿ ಟ್ರಾಂಗಳಲ್ಲಿ ಮರಳಿನ ಪೆಟ್ಟಿಗೆ ಇಟ್ಟಿರುತ್ತಾರೆ. ಚಾಲಕ ಬೇಕಾದಾಗ ಚಕ್ರದ ಮುಂದೆ ಹಳಿಯ ಮೇಲೆ ಒಂದಿಷ್ಟು ಮರಳು ಉದುರಿಸುತ್ತಾನೆ. ಪೋರ್ಚುಗಲ್ಲಿನ ಲಿಸ್ಬನ್ ಬೆಟ್ಟಗಳ ಮೇಲೆ ಕಟ್ಟಿದ ನಗರ, ಅಲ್ಲಿ 1901ರಿಂದ ವಿದ್ಯುತ್ ಟ್ರಾಂ ಓಡುತ್ತಿದೆ. ನೂರು ಮೀಟರ್ ಸಾಗುವಷ್ಟರಲ್ಲಿ ಹದಿಮೂರು ಮೀಟರಿಗೂ ಹೆಚ್ಚು ಏರುವ ಬೀದಿಯನ್ನು ಅಲ್ಲಿನ ಪುಟ್ಟ ಹಳದಿ ಬಂಡಿಗಳು ಹಲ್ಲುಚಕ್ರದ ಸಹಾಯವಿಲ್ಲದೆ ಹತ್ತುತ್ತವೆ. ಬಂಡಿ ಗಿಡ್ಡದು, ಹಗುರವಾದದ್ದು, ಎಲ್ಲ ಚಕ್ರಗಳಿಗೂ ಮೋಟಾರಿನ ಬಲ ಇದೆ, ಹಿಂದೆ ಎಳೆಯಬೇಕಾದ ಬೋಗಿ ಇಲ್ಲ. ಹಾಗಾಗಿ ಮಡಿಕೇರಿಯ ಏರುಗಳಲ್ಲಿ ಟ್ರಾಂ ಅಸಾಧ್ಯವೇನೂ ಆಗಿರಲಿಲ್ಲ. ಟ್ರಾಂ ಕೇಳುವುದು ಸಮತಟ್ಟು ನೆಲವನ್ನಲ್ಲ, ಒಂದೇ ಬೀದಿಯಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಹೋಗಿ ಬರುವ ಸಾವಿರಾರು ಜನರನ್ನು. ತೋಟಗಳ ನಡುವೆ ಮನೆಗಳು ಮೈಲಿಗಟ್ಟಲೆ ಚದುರಿಕೊಂಡಿರುವ ಜಿಲ್ಲೆಯಲ್ಲಿ ಹಳಿ ಹಾಕಿದ ಖರ್ಚು ಎಂದಿಗೂ ಹುಟ್ಟುತ್ತಿರಲಿಲ್ಲ.

ಕೋಲ್ಕತ್ತದಲ್ಲಿ ಅಂತಹ ಬೀದಿಗಳೂ ಜನರೂ ಇಂದಿಗೂ ಇದ್ದಾರೆ. ಹಾಗಿದ್ದರೆ ಹೋದದ್ದು ಏನು?

ಹಿಂದೆ ಆ ನಗರದ ಅಗಲ ರಸ್ತೆಗಳ ನಡುವೆ ಟ್ರಾಂಗೆ ಮೀಸಲಾದ ಪಟ್ಟಿಗಳಿದ್ದವು. ಎರಡು ಹಳಿಗಳ ಸುತ್ತ ಹುಲ್ಲು, ಬದಿಗೆ ಮರಗಳು. ಕಾರುಗಳು ಅದರ ಮೇಲೆ ಬರುವಂತಿರಲಿಲ್ಲ. ಅಕ್ಕಪಕ್ಕದ ಸಂಚಾರ ಕಟ್ಟಿಕೊಂಡರೂ ಟ್ರಾಂ ಮಾತ್ರ ನಿಲ್ಲದೆ ಸಾಗುತ್ತಿತ್ತು. ಕಾರುಗಳ ಸಂಖ್ಯೆ ಏರಿದಂತೆ ಆ ಪಟ್ಟಿಗಳ ಮೇಲೆ ಎಲ್ಲರ ಕಣ್ಣು ಬಿತ್ತು. ಹುಲ್ಲನ್ನು ತೆಗೆದು, ಹಳಿಗಳನ್ನು ಕಾಂಕ್ರೀಟಿನಲ್ಲಿ ಹೂತು, ಆ ಜಾಗವನ್ನು ಎಲ್ಲ ವಾಹನಗಳಿಗೂ ತೆರೆಯಲಾಯಿತು. ನನ್ನ ದೃಷ್ಟಿಯಲ್ಲಿ ಟ್ರಾಂಗೆ ಬಿದ್ದ ದೊಡ್ಡ ಪೆಟ್ಟು ಇದು, ಮತ್ತು ಇದನ್ನು ಸುಧಾರಣೆಯೆಂದೇ ಕರೆಯಲಾಯಿತು. ಅಂದಿನಿಂದ ಟ್ರಾಂ ತನ್ನದೇ ಹಳಿಯ ಮೇಲೆ ಕಾರುಗಳ ಸಾಲಿನ ಹಿಂದೆ ಕಾಯತೊಡಗಿತು. ಕಾಯುವ ಟ್ರಾಂ ನಿಧಾನವಾಗಿ ಕಾಣುತ್ತದೆ. ನಿಧಾನವಾಗಿ ಕಂಡ ಮೇಲೆ ಸಂಚಾರಕ್ಕೆ ಅಡ್ಡಿ ಟ್ರಾಂನದ್ದೇ ಎಂದು ಹೇಳುವುದು ಸುಲಭವಾಗುತ್ತದೆ. ಏಕಮುಖ ಸಂಚಾರ ಜಾರಿಯಾದ ರಸ್ತೆಗಳಲ್ಲಿ ಹಳಿಗಳು ಎರಡೂ ದಿಕ್ಕಿಗೆ ಇರುವುದರಿಂದ ಟ್ರಾಂ ಎದುರು ದಿಕ್ಕಿನಲ್ಲಿ ಬರಬೇಕಾಗುತ್ತದೆ, ಪೊಲೀಸರಿಗೆ ಅದು ತಲೆನೋವು. ಹಳಿ ರಸ್ತೆಯ ನಡುವೆ ಇರುವುದರಿಂದ ಹತ್ತುವವರು, ಇಳಿಯುವವರು ವಾಹನಗಳ ನಡುವೆ ನುಸುಳಬೇಕು. ಮುದುಕರು, ಮಕ್ಕಳನ್ನು ಕರೆದೊಯ್ಯುವವರು ಇದಕ್ಕೆ ಹೆದರಿ ಬಸ್ಸಿನ ಕಡೆಗೆ ಹೋದದ್ದರಲ್ಲಿ ಆಶ್ಚರ್ಯವಿಲ್ಲ.

ಇನ್ನುಳಿದ ಪೆಟ್ಟುಗಳು ಒಂದರ ಮೇಲೊಂದು ಬಂದವು. ಹೌರಾ ಸೇತುವೆಯ ಮೇಲಿನ ಟ್ರಾಂ ಸೇತುವೆಗೆ ಭಾರವಾಗುತ್ತದೆಂದು 1993ರಲ್ಲಿ ನಿಂತಿತು. ಮೆಟ್ರೊ ಸುರಂಗ, ನಿಲ್ದಾಣಗಳಿಗಾಗಿ ರಸ್ತೆ ಅಗೆದಾಗ ಕಿತ್ತ ಹಳಿಗಳಲ್ಲಿ ಎಷ್ಟೋ ಮರಳಿ ಬರಲಿಲ್ಲ. 2018ರ ಸೆಪ್ಟೆಂಬರಿನಲ್ಲಿ ಮಾಜೇರ್‌ಹಾಟ್ ಸೇತುವೆ ಕುಸಿದ ಬಳಿಕ ನಗರದ ಹಳೆಯ ಸೇತುವೆಗಳ ಮೇಲಿನ ಭಾರದ ಬಗ್ಗೆ ಭಯ ಹುಟ್ಟಿ, ಸೇತುವೆ ದಾಟುವ ಕೆಲವು ಮಾರ್ಗಗಳು ಕಡಿದುಹೋದವು. ಟ್ರಾಂ ಜಾಲದಲ್ಲಿ ನಡುವಿನ ಒಂದು ತುಂಡು ಕಡಿದರೆ ನಷ್ಟ ಆ ತುಂಡಿನದಷ್ಟೇ ಅಲ್ಲ. ಆಚೆ ಉಳಿದ ಹಳಿಗೆ ಡಿಪೊದ ಸಂಪರ್ಕ ತಪ್ಪಿದರೆ ಅದೂ ಸತ್ತಂತೆಯೇ. 2020ರ ಮೇ ತಿಂಗಳಿನಲ್ಲಿ ಬೀಸಿದ ಅಂಫಾನ್ ಚಂಡಮಾರುತ ಮರಗಳನ್ನು ತಂತಿಗಳ ಮೇಲೆ ಕೆಡವಿತು. 1902ರಲ್ಲಿ ಮೊದಲ ವಿದ್ಯುತ್ ಟ್ರಾಂ ಓಡಿದ ಖಿದಿರ್‌ಪುರದ ಮಾರ್ಗ ಅಂದು ನಿಂತದ್ದು ಮತ್ತೆ ಆರಂಭವಾಗಲಿಲ್ಲ. ಒಂದು ಕಾಲಕ್ಕೆ ಮೂವತ್ತಕ್ಕೂ ಹೆಚ್ಚಿದ್ದ ಮಾರ್ಗಗಳು 2022ರ ಹೊತ್ತಿಗೆ ಎರಡು ಮೂರಕ್ಕೆ ಇಳಿದಿದ್ದವು. ನಗರದ ನಡುವೆ ಇರುವ ಡಿಪೊಗಳ ಭೂಮಿಯ ಬೆಲೆಯನ್ನೂ ಈ ಲೆಕ್ಕದಲ್ಲಿ ಸೇರಿಸಬೇಕು. 2010ರ ದಶಕದಲ್ಲಿ ಕೆಲವು ಡಿಪೊಗಳ ಜಾಗವನ್ನು ಖಾಸಗಿ ಕಟ್ಟಡಗಳಿಗೆ ಕೊಡಲು ಸರ್ಕಾರವೇ ಮುಂದಾಗಿತ್ತು.

ಇದರ ನಂತರದ ಕುಸಿತ ತಾನಾಗಿ ನಡೆಯುವಂಥದ್ದು. ಹತ್ತು ನಿಮಿಷಕ್ಕೊಂದು ಟ್ರಾಂ ಇದ್ದರೆ ನಿಲ್ದಾಣಕ್ಕೆ ಬಂದವನು ಸರಾಸರಿ ಐದು ನಿಮಿಷ ಕಾಯುತ್ತಾನೆ; ಅದನ್ನು ನಲವತ್ತು ನಿಮಿಷಕ್ಕೊಂದು ಮಾಡಿದರೆ ಇಪ್ಪತ್ತು ನಿಮಿಷ. ಎರಡು ಕಿಲೋಮೀಟರ್ ದೂರಕ್ಕೆ ಇಪ್ಪತ್ತು ನಿಮಿಷ ಕಾಯುವವರು ಯಾರು? ಜನ ಕಡಿಮೆಯಾಗುತ್ತಾರೆ, ಜನರಿಲ್ಲವೆಂದು ಟ್ರಾಂಗಳ ಸಂಖ್ಯೆಯನ್ನು ಇನ್ನೂ ಇಳಿಸುತ್ತಾರೆ, ಕೊನೆಗೆ ಖಾಲಿ ಟ್ರಾಂನ ಚಿತ್ರ ತೋರಿಸಿ ಇದು ಯಾರಿಗೂ ಬೇಡವಾದ ವಾಹನ ಎನ್ನುತ್ತಾರೆ. ಕೊಡಗಿನ ಹಳ್ಳಿಗಳಿಗೆ ಈ ಸರಣಿ ಹೊಸತಲ್ಲ. ದಿನಕ್ಕೆ ಮೂರು ಸಲ ಬರುತ್ತಿದ್ದ ಬಸ್ಸು ಒಂದು ಸಲಕ್ಕೆ ಇಳಿದಾಗ, ಆ ಒಂದು ಸಲವೂ ಶಾಲೆ ಬಿಡುವ ಹೊತ್ತಿಗೆ ಹೊಂದದಿದ್ದಾಗ, ಊರಿನವರು ಜೀಪು, ಆಟೊಗಳ ಕಡೆ ತಿರುಗುತ್ತಾರೆ. ಆಮೇಲೆ ಕಲೆಕ್ಷನ್ ಇಲ್ಲವೆಂಬ ಕಾರಣಕ್ಕೆ ಆ ಬಸ್ಸೂ ನಿಲ್ಲುತ್ತದೆ.

ಸರ್ಕಾರದ ವಾದವನ್ನೂ ನ್ಯಾಯವಾಗಿ ಹೇಳಬೇಕು. ಕೋಲ್ಕತ್ತದ ಒಟ್ಟು ವಿಸ್ತೀರ್ಣದಲ್ಲಿ ರಸ್ತೆಗಳ ಪಾಲು ಕೇವಲ ಆರು ಪ್ರತಿಶತದಷ್ಟು, ಇಷ್ಟು ಇಕ್ಕಟ್ಟಿನಲ್ಲಿ ನಿಧಾನದ ಟ್ರಾಂಗಳು ದಟ್ಟಣೆಯನ್ನು ಹೆಚ್ಚಿಸುತ್ತವೆ ಎಂಬುದು ಅದರ ನಿಲುವು. 2024ರ ಸೆಪ್ಟೆಂಬರಿನಲ್ಲಿ ರಾಜ್ಯದ ಸಾರಿಗೆ ಸಚಿವರು ಮೈದಾನ ಮತ್ತು ಎಸ್ಪ್ಲನೇಡ್ ನಡುವಿನ ಪಾರಂಪರಿಕ ಮಾರ್ಗವೊಂದನ್ನು ಬಿಟ್ಟು ಉಳಿದ ಟ್ರಾಂಗಳನ್ನು ನಿಲ್ಲಿಸುವುದಾಗಿ ಹೇಳಿದರು. ವಿಷಯ ಆಗಲೇ ಕಲ್ಕತ್ತಾ ಹೈಕೋರ್ಟಿನಲ್ಲಿತ್ತು; 2023ರಲ್ಲಿ ನ್ಯಾಯಾಲಯ ಟ್ರಾಂ ಉಳಿಸುವ ಬಗೆ ಪರಿಶೀಲಿಸಲು ಸಮಿತಿ ರಚಿಸುವಂತೆ ಸೂಚಿಸಿತ್ತು, 2025ರ ಆರಂಭದಲ್ಲಿ ಹಳಿಗಳ ಮೇಲೆ ಡಾಂಬರು ಸುರಿಯುವುದನ್ನು ತಡೆಯಿತು. ರಸ್ತೆ ಕಡಿಮೆ ಇದೆ ಎಂಬುದು ನಿಜ. ಆದರೆ ಅದೇ ಅಂಕಿಯಿಂದ ವಿರುದ್ಧ ತೀರ್ಮಾನಕ್ಕೂ ಬರಬಹುದು. ರಸ್ತೆ ಕಡಿಮೆ ಇರುವ ನಗರದಲ್ಲಿ ಒಬ್ಬೊಬ್ಬರನ್ನೇ ಸಾಗಿಸುವ ಕಾರಿಗೆ ಜಾಗ ಕೊಡಬೇಕೋ ಹತ್ತಾರು ಮಂದಿಯನ್ನು ಒಟ್ಟಿಗೆ ಸಾಗಿಸುವ ಬಂಡಿಗೆ ಕೊಡಬೇಕೋ ಎಂಬ ಪ್ರಶ್ನೆಗೆ ಆರು ಪ್ರತಿಶತ ಎಂಬ ಅಂಕಿ ಉತ್ತರವಾಗುವುದಿಲ್ಲ.

ಪಾರಂಪರಿಕ ಮಾರ್ಗವೆಂಬ ಪರಿಹಾರದ ಬಗ್ಗೆ ನನಗೆ ಅನುಮಾನವಿದೆ. ಮಡಿಕೇರಿಯಲ್ಲಿ ಹಳಿ ಎಂದೊಡನೆ ನೆನಪಾಗುವುದು ರಾಜಾಸೀಟಿನ ಬಳಿಯ ಪುಟಾಣಿ ರೈಲು. ಮಕ್ಕಳು ಅದರಲ್ಲಿ ಕೂತು ಒಂದು ಸುತ್ತು ಬಂದು ಹತ್ತಿದಲ್ಲೇ ಇಳಿಯುತ್ತಿದ್ದರು. ಅದರಲ್ಲಿ ತಪ್ಪೇನಿಲ್ಲ, ಅದನ್ನು ಮಾಡಿದ್ದೇ ಅದಕ್ಕಾಗಿ. ಆದರೆ ಒಂದೂವರೆ ಶತಮಾನ ಕಚೇರಿಗೆ, ಸಂತೆಗೆ, ಶಾಲೆಗೆ ಜನರನ್ನು ಮುಟ್ಟಿಸಿದ ವಾಹನವನ್ನು ಮೈದಾನದ ಸುತ್ತಿನ ವಿಹಾರಕ್ಕೆ ಇಳಿಸಿದರೆ ಉಳಿಯುವುದು ಅದರ ಮೈ ಮಾತ್ರ. ತಂತಿ, ಉಪಕೇಂದ್ರ, ಸಲಾಕೆಯ ನೌಕರ, ಸುರುಳಿ ಸುತ್ತುವ ಕೆಲಸಗಾರ ಇವರೆಲ್ಲರ ಖರ್ಚನ್ನು ಮೂವತ್ತು ಮಾರ್ಗಗಳು ಹಂಚಿಕೊಳ್ಳುವುದಕ್ಕೂ ಒಂದೇ ಮಾರ್ಗ ಹೊರುವುದಕ್ಕೂ ಬಹಳ ವ್ಯತ್ಯಾಸವಿದೆ. ಆ ಒಂದು ಮಾರ್ಗವೂ ನಷ್ಟದ್ದೆಂದು ಮುಂದೊಂದು ದಿನ ಲೆಕ್ಕ ತೋರಿಸುವುದು ಕಷ್ಟವೇನಲ್ಲ. ಪ್ರವಾಸಿಗರು ಹೆಚ್ಚಾದರೆ ಇನ್ನೊಂದು ಬಗೆಯ ತೊಂದರೆ. ಲಿಸ್ಬನ್ನಿನ 28ನೆಯ ಸಂಖ್ಯೆಯ ಟ್ರಾಂನಲ್ಲಿ ಪ್ರವಾಸಿಗರ ನೂಕುನುಗ್ಗಲಿನ ನಡುವೆ ಆ ಬೀದಿಗಳ ನಿವಾಸಿಗಳಿಗೇ ಸ್ಥಳ ಸಿಗುವುದಿಲ್ಲ. ವಾರಾಂತ್ಯದಲ್ಲಿ ಮಡಿಕೇರಿಯ ರಸ್ತೆಗಳಲ್ಲಿ ಸಿಕ್ಕಿಬಿದ್ದವರಿಗೆ ಈ ನೋವು ಅರ್ಥವಾದೀತು. ಮಿಲಾನಿನವರು ಮಾಡಿದ್ದು ಇದಕ್ಕಿಂತ ಸರಳ: ಹಳೆಯ ಬಂಡಿಯನ್ನು ಹೊಸ ಬಂಡಿಯ ಜೊತೆ, ಅದೇ ಹಳಿಯಲ್ಲಿ, ಅದೇ ಟಿಕೆಟ್ಟಿಗೆ ಓಡಿಸಿದರು.

ಕೋಲ್ಕತ್ತಕ್ಕೆ ಹೋಗುವವರು, ಅಲ್ಲಿ ಟ್ರಾಂ ಓಡುತ್ತಿರುವಷ್ಟು ಕಾಲ, ಅದನ್ನು ಚಿತ್ರ ತೆಗೆಯಲು ಹತ್ತುವ ಬದಲು ಎಲ್ಲಿಗಾದರೂ ಹೋಗಲು ಹತ್ತಬೇಕೆಂಬುದು ನನ್ನ ಸಲಹೆ. ಎಸ್ಪ್ಲನೇಡಿನಿಂದ ಶ್ಯಾಮ್‌ಬಜಾರಿನ ಕಡೆಗೆ ಹೋಗುವ ಟ್ರಾಂ ಹಿಡಿದರೆ ಕಾಲೇಜ್ ಸ್ಟ್ರೀಟಿನಲ್ಲಿ ಇಳಿದು ಪುಸ್ತಕದ ಅಂಗಡಿಗಳನ್ನೂ ಕಾಫಿ ಹೌಸನ್ನೂ ಮುಟ್ಟಬಹುದು. ಗರಿಯಾಹಾಟಿನ ಟ್ರಾಂ ದಕ್ಷಿಣದ ಮಾರುಕಟ್ಟೆಗೆ ಕರೆದೊಯ್ಯುತ್ತದೆ. ಬೆಳಗಿನ ಹೊತ್ತು ರಸ್ತೆ ಬಿಡುವಾಗಿರುವಾಗ ಹೊರಟರೆ ಬಂಡಿಯ ನಿಜವಾದ ವೇಗ ತಿಳಿಯುತ್ತದೆ, ಹನ್ನೊಂದು ಗಂಟೆಯ ನಂತರ ತಿಳಿಯುವುದು ಕಾರುಗಳ ವೇಗ ಮಾತ್ರ. ಜಾಗ ಸಿಕ್ಕರೆ ಮುಂದೆ, ಚಾಲಕನ ಬೆನ್ನ ಹಿಂದಿನ ಆಸನದಲ್ಲಿ ಕೂರುವುದು ಒಳ್ಳೆಯದು. ಅಲ್ಲಿಂದ ಹಿಡಿಕೆ ಒಂದೊಂದೇ ಕಚ್ಚು ಮುಂದೆ ಸರಿಯುವುದು ಕಾಣಿಸುತ್ತದೆ, ನಡುವೆ ಒಂದು ಕಚ್ಚಿನಲ್ಲಿ ಎಳೆತ ಅರೆಕ್ಷಣ ಸಡಿಲವಾಗಿ ಮತ್ತೆ ಬಿಗಿಯಾಗುವುದು ಮೈಗೆ ತಿಳಿಯುತ್ತದೆ. ಮೋಟಾರುಗಳು ಒಂದರ ಹಿಂದೊಂದರ ಜೋಡಣೆಯಿಂದ ಅಕ್ಕಪಕ್ಕದ ಜೋಡಣೆಗೆ ಬದಲಾಗುವುದು ಆಗಲೇ.